ತೂತಿಲ್ಲದ ಡಬ್ಬ

ಅವನ ಅಂಗಡಿಯಿಂದ ತೂತಿಲ್ಲದೆ ಹೊರಗೆ ಹೋದ ಖಾಲಿ ಡಬ್ಬ ಒಂದೇ ಒಂದು. ಉಳಿದ ಸಾವಿರಾರು ಡಬ್ಬಗಳಿಗೆ ಅವನು ಕೈಯಾರೆ ತೂತು ಹಾಕಿದ್ದ. ಜನ ನೆನಪಿಟ್ಟುಕೊಂಡದ್ದು ಮಾತ್ರ ಆ ಒಂದನ್ನು.

ನನ್ನ ಗೆಳೆಯ ವಾಹನಗಳ ಎಂಜಿನ್ ಆಯಿಲ್ ಮಾರುತ್ತಿದ್ದ. ಬೀದಿಯವರಿಗೆಲ್ಲ ಅವನು ‘ದಬ್ಬಳ’. ಗೋಣಿಚೀಲ ಹೊಲಿಯುವ ದಬ್ಬಳವೊಂದಕ್ಕೆ ಮರದ ಹಿಡಿ ಹಾಕಿಸಿ ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೆ ತೂಗುಹಾಕಿದ್ದ. ಗಿರಾಕಿಯ ಗಾಡಿಗೆ ಆಯಿಲ್ ಸುರಿದು, ಡಬ್ಬವನ್ನು ಬೋರಲು ಹಿಡಿದು ಕೊನೆಯ ಹನಿ ಇಳಿಯುವವರೆಗೆ ಕಾದು, ಆಮೇಲೆ ಅದರ ತಳಕ್ಕೆ ಎರಡು ಸಲ ಚುಚ್ಚುತ್ತಿದ್ದ. ಟಕ್, ಟಕ್. ಬೀದಿಯ ಆಚೆ ಬದಿಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಕೂತ ನನಗೆ ಆ ಸದ್ದು ಕೇಳಿಸುತ್ತಿತ್ತು. ಕರಡು ತಿದ್ದುವವನಾದ್ದರಿಂದ ಅವನು ನನಗಿಟ್ಟ ಹೆಸರು ‘ಕರಡಿ’. ನನ್ನ ಮೈಮೇಲಿನ ಕೂದಲನ್ನು ನೋಡಿದವರು ಆ ಹೆಸರಿಗೆ ಬೇರೆ ಕಾರಣ ಕೇಳುತ್ತಿರಲಿಲ್ಲ.

ಡಬ್ಬಕ್ಕೆ ಯಾಕೆ ಚುಚ್ಚಬೇಕು ಎಂದು ಹೊಸಬರು ಕೇಳುತ್ತಿದ್ದರು. ದುಬಾರಿ ಆಯಿಲಿನ ಖಾಲಿ ಡಬ್ಬಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ. ಆ ಬೆಲೆ ಪ್ಲಾಸ್ಟಿಕ್ಕಿನದಲ್ಲ. ಡಬ್ಬ ಎಲ್ಲೋ ಒಂದು ಶೆಡ್ಡಿಗೆ ಹೋಗುತ್ತದೆ. ಗಾಡಿಗಳಿಂದ ಇಳಿಸಿದ ಕಪ್ಪು ಆಯಿಲನ್ನು ಅಲ್ಲಿ ಸೋಸಿ, ಬಣ್ಣ ಬರಿಸಿ, ಅದೇ ಡಬ್ಬಕ್ಕೆ ತುಂಬಿ, ಹೊಸ ಮುಚ್ಚಳ ಬಿಗಿದು ಮತ್ತೆ ಮಾರುಕಟ್ಟೆಗೆ ಬಿಡುತ್ತಾರೆ. ತಳ ತೂತಾದ ಡಬ್ಬ ಅವರ ಕೆಲಸಕ್ಕೆ ಬಾರದು. ಗ್ಯಾರೇಜುಗಳವರು ಮೇಲುಸಂಪಾದನೆ ಎಂದು ಡಬ್ಬಗಳನ್ನು ಜೋಪಾನವಾಗಿ ಕೂಡಿಡುತ್ತಿದ್ದರು. ಇವನೊಬ್ಬ ಚುಚ್ಚುತ್ತ, ಕೇಳಿದವರಿಗೆಲ್ಲ ಕಾರಣ ಹೇಳುತ್ತ ಕೂತರೆ ಅವರಿಗೆ ಹೇಗೆ ಸಹಿಸುತ್ತದೆ?

ಗುಜರಿಯವನು ಗಾಡಿ ತಳ್ಳಿಕೊಂಡು ಬಂದಾಗಲೆಲ್ಲ ಗೊಣಗುತ್ತಿದ್ದ. “ಅಣ್ಣಾ, ಡಬ್ಬಕ್ಕೆ ಚುಚ್ಚೋ ಬದಲು ನನ್ನ ಹೊಟ್ಟೆಗೇ ಚುಚ್ಚಿಬಿಡು ಅತ್ಲಾಗೆ.”

“ಬೇಡಪ್ಪ. ಅದ್ರಿಂದ ಏನು ಸೋರುತ್ತೋ ಏನೋ, ಅಂಗಡಿ ಗಬ್ಬೆದ್ದು ಹೋಗುತ್ತೆ.”

ಇನ್ನೊಂದು ಪದ್ಧತಿಯೂ ಅವನಿಗಿತ್ತು. ಮುಚ್ಚಳದ ಕೆಳಗೆ, ನಕಲಿ ಮಾಡುವವರಿಗೆ ಅಷ್ಟು ಗಟ್ಟಿಯಾಗಿ ಅಂಟಿಸಲು ಬಾರದ, ಬೆಳ್ಳಿಯ ಬಣ್ಣದ ಹಾಳೆಯ ಸೀಲು ಇರುತ್ತದಲ್ಲ, ಅದನ್ನು ಅವನು ಎಂದೂ ತಾನು ಕೀಳುತ್ತಿರಲಿಲ್ಲ. ಡಬ್ಬವನ್ನು ಗಿರಾಕಿಯ ಮುಂದಿಟ್ಟು “ಸೀಲು ನೀವೇ ಕೀಳಿ” ಎನ್ನುತ್ತಿದ್ದ. ಹೆಂಗಸರಿರಲಿ, ಕಣ್ಣು ಮಂಜಾದ ಮುದುಕರಿರಲಿ, ಅವರೇ ಕೀಳಬೇಕು. ಕೆಲವರು ಬೇಸರಪಟ್ಟುಕೊಳ್ಳುತ್ತಿದ್ದರು. “ದುಡ್ಡೂ ಕೊಟ್ಟು ಕೆಲಸಾನೂ ನಾವೇ ಮಾಡ್ಬೇಕಾ?” ಎಂದು ಒಬ್ಬಾಕೆ ಕೇಳಿದ್ದು ನನಗೆ ನೆನಪಿದೆ. “ಅಕ್ಕಾ, ನಾಳೆ ನಾನು ಮೋಸ ಮಾಡಿದೆ ಅಂತ ನೀವು ಹೇಳಬಾರದಲ್ಲ, ಅದಕ್ಕೆ” ಎಂದಿದ್ದ. ಆ ಮಾತನ್ನು ಈಗ ನೆನೆಸಿಕೊಂಡರೆ ಬಾಯೆಲ್ಲ ಕಹಿಯಾಗುತ್ತದೆ.

ಅಂಗಡಿ ಅಂದರೆ ಒಂದು ಶಟರಿನ ಉದ್ದ ಕೋಣೆ. ಎಡಗೋಡೆಗೆ ಸಾಮಾನ್ಯ ಆಯಿಲಿನ ದಪ್ಪ ಕಪ್ಪು ಡಬ್ಬಗಳು, ನಡುವೆ ನೀಲಿಯವು, ಬಲಗೋಡೆಯ ಮೇಲಿನ ಹಲಗೆಯಲ್ಲಿ ಬಂಗಾರದ ಬಣ್ಣದ ಡಬ್ಬಗಳು. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುತ್ತಿದ್ದದ್ದು ಬಲಗಡೆಗೆ. ಕಪ್ಪಿಗೂ ಬಂಗಾರಕ್ಕೂ ಬೆಲೆಯಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಯಾಕೆ ಎಂದು ದಿನಕ್ಕೆ ಒಬ್ಬರಾದರೂ ಕೇಳುತ್ತಿದ್ದರು. ಅದನ್ನು ವಿವರಿಸುವುದೆಂದರೆ ಅವನಿಗೆ ಹಬ್ಬ.

“ಅಲ್ಲಯ್ಯ, ಇದರ ಮೇಲೆ ಇಪ್ಪತ್ತು-ಐವತ್ತು ಅಂತ ಇದೆ, ಅಗ್ಗ. ಅದರ ಮೇಲೆ ಐದು-ಮೂವತ್ತು ಅಂತ ಇದೆ, ದುಬಾರಿ. ನೀನು ಯಾವ ಶಾಲೇಲಿ ಲೆಕ್ಕ ಕಲಿತೆ?” ಎಂದು ಒಬ್ಬ ಮೀಸೆಯ ಲಾರಿಯವನು ಅಬ್ಬರಿಸಿದ್ದ.

“ಅದು ಪರೀಕ್ಷೆ ಮಾರ್ಕ್ಸ್ ಅಲ್ಲ ಯಜಮಾನ್ರೇ, ಜಾಸ್ತಿ ಇದ್ರೆ ಪಾಸು ಅನ್ನೋಕೆ. ಮೊದಲನೇ ಅಂಕೆ, ಬೆಳಗ್ಗೆ ಚಳೀಲಿ ಆಯಿಲ್ ಎಷ್ಟು ಬೇಗ ಎದ್ದು ಓಡಾಡುತ್ತೆ ಅಂತ. ಕಮ್ಮಿ ಇದ್ದಷ್ಟೂ ಬೇಗ. ಎರಡನೇದು, ಬಿಸಿ ಏರಿದ ಮೇಲೆ ಎಷ್ಟು ದಪ್ಪ ಉಳ್ಕೊಳ್ಳುತ್ತೆ ಅಂತ. ನಿಮ್ಮ ಲಾರಿಗೆ ದಪ್ಪದ್ದೇ ಸರಿ. ಬಲಗಡೆ ನೋಡ್ಬೇಡಿ, ಎಡಗಡೆ ನೋಡಿ.”

ನನಗೆ ಅವನು ಇನ್ನೂ ಬಿಡಿಸಿ ಹೇಳಿದ್ದ. ನೆಲದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಕಾಯಿಸಿ ಬೇರ್ಪಡಿಸಿದರೆ ಸಾಮಾನ್ಯ ಆಯಿಲು. ಮರಳನ್ನು ಒಂದು ಸಲ ಜರಡಿ ಹಿಡಿದ ಹಾಗೆ, ಅದರಲ್ಲಿ ಸಣ್ಣ ಕಣವೂ ಇರುತ್ತದೆ, ದಪ್ಪ ಕಣವೂ ಇರುತ್ತದೆ. ದುಬಾರಿಯದರಲ್ಲಿ ಕಣವನ್ನು ಕಾರ್ಖಾನೆಯಲ್ಲೇ ಕಟ್ಟುತ್ತಾರೆ, ಎಲ್ಲವೂ ಒಂದೇ ಅಳತೆ. ಚಳಿಗೂ ಒಗ್ಗಬೇಕು, ಬೆಂಕಿಯಂಥ ಬಿಸಿಗೂ ಒಗ್ಗಬೇಕು ಎಂದರೆ ಸುಮ್ಮನೆ ಆಗುವುದಿಲ್ಲ. ಆಮೇಲೆ ಅದಕ್ಕೆ ಬೆರೆಸುವ ಮದ್ದುಗಳಿವೆ. ಒಂದು ಸವೆತ ತಡೆಯುವುದು, ಒಂದು ತುಕ್ಕು ತಡೆಯುವುದು, ಒಂದು ನೊರೆ ಅಡಗಿಸುವುದು, ಒಂದು ಸಾಬೂನಿನ ಹಾಗೆ ಒಳಗಿನ ಕೊಳೆ ತೊಳೆಯುವುದು. ಬೆಲೆ ಏರಿದಂತೆ ಮದ್ದೂ ಏರುತ್ತದೆ. ಗಾಡಿ ತಯಾರಕರು ಅದನ್ನು ತಮ್ಮ ಎಂಜಿನ್ನಿನಲ್ಲಿ ತಿಂಗಳುಗಟ್ಟಲೆ ಓಡಿಸಿ ಒಪ್ಪಬೇಕು, ಆ ಖರ್ಚೂ ಡಬ್ಬದ ಮೇಲೆಯೇ ಬೀಳುತ್ತದೆ. “ಇಷ್ಟಾದ ಮೇಲೆ ಬಂಗಾರದ ಬಣ್ಣ ಬಳಿಯೋದು, ಬೀದಿ ಮೂಲೇಲಿ ನಗ್ತಾ ನಿಂತಿರೋ ಹುಡುಗಿ ಫೋಟೋ ಹಾಕಿಸೋದು. ಅದರ ದುಡ್ಡೂ ನೀನೇ ಕೊಡ್ಬೇಕು” ಎಂದು ನಕ್ಕಿದ್ದ. ಕೊನೆಗೆ ಅವನು ಹೇಳುತ್ತಿದ್ದ ಮಾತು ಒಂದೇ. “ಬೆಲೆ ಆಯಿಲಿಗೆ ಕಣೋ. ಯಾವುದು ಬೇಕು ಅಂತ ಹೇಳೋದು ಎಂಜಿನ್ನು. ಅದನ್ನ ಯಾರೂ ಕೇಳಲ್ಲ.”

ಬಂಗಾರದ ಡಬ್ಬ ಮಾರಿದರೆ ಅವನಿಗೆ ಲಾಭ ಹೆಚ್ಚು. ಆದರೂ ಬಲಗಡೆ ಕೈ ತೋರಿದವರಲ್ಲಿ ಅರ್ಧ ಜನರನ್ನು ಎಡಗಡೆಗೆ ತಿರುಗಿಸುತ್ತಿದ್ದ.

ಅವನಿಗೆ ಇದ್ದವಳು ತಂಗಿಯೊಬ್ಬಳೇ. ಅವನು ಅವಳನ್ನು ‘ಪುಟ್ಟಿ’ ಎನ್ನುತ್ತಿದ್ದ, ಅವಳ ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ. ತಂದೆ ತಾಯಿ ಬೇಗ ತೀರಿಕೊಂಡರು. ಅವಳ ಜಡೆ ಹೆಣೆದು ಶಾಲೆಗೆ ಕಳಿಸಿ, ಆಮೇಲೆ ಪೆಟ್ರೋಲ್ ಬಂಕಿನ ಕೆಲಸಕ್ಕೆ ಓಡುತ್ತಿದ್ದನಂತೆ. ಅವಳ ಮದುವೆ ಮುಗಿಯಲಿ ಎಂದು ತನ್ನದನ್ನು ಮುಂದೂಡಿದ. ಅವಳದು ಮುಗಿಯಿತು, ಇವನದು ಮುಂದೂಡಿದ ಕಡೆಯೇ ಉಳಿಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್ವು, ಗೋಡೆಗೆ ಒಂದು ಕನ್ನಡಿ. ವಾರವಿಡೀ ಏನೋ ಬೇಯಿಸಿಕೊಂಡು ತಿನ್ನುವನು. ಭಾನುವಾರ ಮಧ್ಯಾಹ್ನ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯ ಜಿಡ್ಡನ್ನು ಕಲ್ಲಿಗೆ ಉಜ್ಜಿ ತೊಳೆದು, ಹಣ್ಣಿನ ಚೀಲ ಹಿಡಿದು ತಂಗಿಯ ಮನೆಗೆ ಊಟಕ್ಕೆ ಹೋಗುತ್ತಿದ್ದ. ಅವನ ವಾರ ಆ ಊಟದ ಸುತ್ತ ತಿರುಗುತ್ತಿತ್ತು. ಸೋಮವಾರ ನನಗೆ ಅದರ ವರದಿ. “ಪುಟ್ಟಿ ನಿನ್ನೆ ಮೂರು ಸಲ ಬಡಿಸಿದ್ಲು ಕಣೋ ಕರಡಿ, ಬೇಡ ಅಂದ್ರೂ ಬಿಡ್ಲಿಲ್ಲ.”

ತಂಗಿಯ ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. ಸ್ವಂತದ್ದು, ಆದರೆ ಇನ್ನೊಬ್ಬರು ಓಡಿಸಿ ಬಿಟ್ಟ ಹಳೆಯ ಗಾಡಿ. ಹಿಂದಿನವನು ಅದಕ್ಕೆ ಆಯಿಲ್ ಬದಲಿಸುವುದನ್ನೇ ಮರೆತಿದ್ದ. ಮುಚ್ಚಳ ತೆಗೆದರೆ ಒಳಗೆ ಕಾಡಿಗೆಯಂಥ ಕಪ್ಪು ಹೆಂಟೆ. ಗೆಳೆಯ ಅದನ್ನು ಬೆರಳಲ್ಲಿ ತೆಗೆದು ನನಗೆ ತೋರಿಸಿದ್ದ. “ಇದು ಹೊಟ್ಟೇಲಿ ಕಲ್ಲಿದ್ದ ಹಾಗೆ. ಇದ್ದಲ್ಲೇ ಇದ್ರೆ ಜೀವಕ್ಕೆ ಅಪಾಯ ಇಲ್ಲ. ಎಬ್ಬಿಸಿದ್ರೆ ಕಷ್ಟ.” ಹೀಗಾಗಿ ಆ ಟ್ಯಾಕ್ಸಿಗೆ ಅವನು ಯಾವಾಗಲೂ ಎಡಗೋಡೆಯ ದಪ್ಪ, ಅಗ್ಗದ ಆಯಿಲನ್ನೇ ಹಾಕುತ್ತಿದ್ದ. ಬೇರೆಯವರಿಗಿಂತ ಬೇಗ ಬೇಗ ಬದಲಿಸುತ್ತಿದ್ದ. ಹೀಗೆ ಮಾಡಿದರೆ ಒಳಗಿನ ಕೊಳೆ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಕರಗಿ ಇಳಿಯುತ್ತದೆ, ಒಂದೆರಡು ವರ್ಷದಲ್ಲಿ ಎಂಜಿನ್ ಸ್ವಚ್ಛವಾಗುತ್ತದೆ ಎಂಬುದು ಅವನ ಯೋಜನೆ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಆ ವರ್ಷ ಟ್ಯಾಕ್ಸಿ ನಿಲ್ದಾಣದಲ್ಲಿ ಒಬ್ಬರಾದ ಮೇಲೊಬ್ಬರು ಹೊಸ ಗಾಡಿ ಕೊಂಡರು. ಹೊಸ ಗಾಡಿಗಳಿಗೆ ಬಂಗಾರದ ಡಬ್ಬ. ತಂಗಿಯ ಪಕ್ಕದ ಮನೆಯವಳ ಗಂಡನೂ ಅವರಲ್ಲಿ ಒಬ್ಬ. ಅವಳು ಏನೆಂದಳೋ, ಹೇಗೆ ಅಂದಳೋ, ಅಂತೂ ತಂಗಿಯ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಭಾನುವಾರದ ಊಟದಲ್ಲಿ ಅದು ಹೊರಗೆ ಬಂತು.

“ಅಣ್ಣಾ, ಊರಿನವರಿಗೆಲ್ಲ ಬಂಗಾರದ ಡಬ್ಬ. ನಮಗೆ ಮಾತ್ರ ಯಾಕೆ ಆ ಕರೀ ಡಬ್ಬ?”

“ನಿಮ್ಮ ಗಾಡಿಗೆ ಅದೇ ಸರಿ ಪುಟ್ಟಿ.”

“ನಮ್ಮ ಗಾಡಿಗೆ ಅದೇ ಸರಿ, ನಮ್ಮ ಯೋಗ್ಯತೆಗೆ ಅದೇ ಸರಿ. ಪುಕ್ಕಟೆ ಕೊಡೋದಲ್ವಾ, ಅಗ್ಗದ್ದೇ ಕೊಡ್ಬೇಕು.”

ಅವನು ಅನ್ನ ಕಲಸುವುದನ್ನು ನಿಲ್ಲಿಸಿದನಂತೆ. ಅಂದು ಎರಡನೆಯ ಸಲ ಬಡಿಸಲು ಅವಳು ಬರಲಿಲ್ಲ. ಇದನ್ನು ಹೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಹಳೆಯ ಎಂಜಿನ್ನು, ಕೊಳೆ, ಸಾಬೂನು ಎಂದು ಅವಳಿಗೆ ತಿಳಿಸಿ ಹೇಳು ಎಂದೆ. “ಹೇಳಿದೆ. ನಿನ್ನ ಪಾಠ ಗಿರಾಕಿಗಳಿಗೆ ಇಟ್ಕೋ ಅಂದ್ಲು.”

ಮುಂದಿನ ಭಾನುವಾರ ಗಂಡ ಹೆಂಡತಿ ಟ್ಯಾಕ್ಸಿಯಲ್ಲೇ ಅಂಗಡಿಗೆ ಬಂದರು, ಅವನನ್ನು ಊಟಕ್ಕೆ ಕರೆದುಕೊಂಡು ಹೋಗಲು. ಮುದ್ರಣಾಲಯಕ್ಕೆ ರಜೆ, ನಾನಿರಲಿಲ್ಲ. ಸೋಮವಾರ ಅವನೇ ಹೇಳಿದ.

“ನಿನ್ನೆ ಒಂದು ತಪ್ಪು ಕೆಲಸ ಮಾಡಿದೆ ಕಣೋ. ಬಂಗಾರದ ಡಬ್ಬ ಇಳಿಸಿದೆ.”

“ಆ ಗಾಡಿಗಾ?”

“ಆ ಗಾಡಿಗೇ. ಅವಳ ಮುಖ ನೋಡ್ಬೇಕಿತ್ತು ನೀನು, ಚಿಕ್ಕೋಳಿದ್ದಾಗ ಹೊಸ ಲಂಗ ತಂದ್ಕೊಟ್ರೆ ಹಾಗೇ ನಗ್ತಿದ್ಲು. ಚುಚ್ಚೋಕೆ ಹೋದೆ, ಕೈ ಹಿಡ್ಕೊಂಡ್ಲು. ಡಬ್ಬ ಚೆನ್ನಾಗಿದೆ, ಸೋಪಿನ ಪುಡಿ ಹಾಕಿಡ್ತೀನಿ ಕೊಡು ಅಂದ್ಲು. ಕೊಟ್ಬಿಟ್ಟೆ.” ಮೊಳೆಯಲ್ಲಿ ತೂಗುತ್ತಿದ್ದ ದಬ್ಬಳವನ್ನು ನೋಡಿ ತಲೆ ಕೆರೆದುಕೊಂಡ. “ಐನೂರು ಕಿಲೋಮೀಟರ್ ಓಡ್ಸಿ ವಾಪಸ್ ತನ್ನಿ, ಇಳಿಸಿ ತೊಳೆದು ಹಳೇದನ್ನೇ ಹಾಕ್ತೀನಿ ಅಂತ ಡ್ರೈವರ್ ಸಾಹೇಬ್ರಿಗೆ ಹೇಳಿದೀನಿ. ಅಷ್ಟರಲ್ಲಿ ಏನೂ ಆಗಲ್ಲ. ಅವಳ ಮನಸ್ಸೂ ತಣ್ಣಗಾಗುತ್ತೆ, ಎಂಜಿನ್ನೂ ಉಳಿಯುತ್ತೆ.”

ತನ್ನ ವಿದ್ಯೆ ಗೊತ್ತಿದ್ದವನು ಮಾತ್ರ ಮಾಡಬಹುದಾದ ತಪ್ಪು ಅದು. ಏನೂ ತಿಳಿಯದವನಾಗಿದ್ದರೆ ಹೆದರಿ ಹಿಂಜರಿಯುತ್ತಿದ್ದ. ಇವನಿಗೆ ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿತ್ತು, ಅದಕ್ಕೆ ಮೊದಲೇ ತಡೆದುಬಿಡುತ್ತೇನೆ ಎಂದುಕೊಂಡ.

ಟ್ಯಾಕ್ಸಿ ವಾಪಸು ಬರಲಿಲ್ಲ. ಇವನು ಫೋನು ಮಾಡಿದ, ನಿಲ್ದಾಣಕ್ಕೂ ಹೋಗಿ ಕೇಳಿದ. ತಂಗಿಯ ಗಂಡ ನಕ್ಕುಬಿಟ್ಟ. “ಏನ್ ಭಾವ ನೀನು, ಅಷ್ಟು ದುಬಾರಿ ಆಯಿಲ್ನ ಐನೂರು ಕಿಲೋಮೀಟರಿಗೆ ಚೆಲ್ತಾರಾ? ಅಗ್ಗದ್ದನ್ನೇ ಅಷ್ಟು ಓಡಿಸ್ತಿದ್ದೆ, ಇದು ನಾಲ್ಕು ಪಟ್ಟು ಓಡಬೇಡ್ವಾ?” ಬೆಲೆ ಎಷ್ಟು ಪಟ್ಟೋ ಬಾಳಿಕೆ ಅಷ್ಟು ಪಟ್ಟು, ಅದು ಅವನ ಲೆಕ್ಕ. ಹಾಗೆ ಹೇಳಿ ದೂರದ ಬಾಡಿಗೆಯೊಂದಕ್ಕೆ ಹೊರಟ. ಏರುರಸ್ತೆಯಲ್ಲಿ, ಪ್ರಯಾಣಿಕರು ತುಂಬಿದ್ದಾಗ, ಎಂಜಿನ್ ಒಂದು ಸಲ ಕಿರುಚಿ ಹಿಡಿದುಕೊಂಡಿತು. ಮತ್ತೆ ತಿರುಗಲಿಲ್ಲ.

ಗೆಳೆಯ ಹೆದರಿದ್ದೇ ಆಗಿತ್ತು. ದುಬಾರಿ ಆಯಿಲಿನ ಸಾಬೂನು ವರ್ಷಗಳ ಕೊಳೆಯನ್ನು ಒಂದೇ ಸಲಕ್ಕೆ ಎಬ್ಬಿಸಿತ್ತು. ಆ ಹೆಂಟೆಯೆಲ್ಲ ತಳಕ್ಕೆ ಇಳಿದು, ಆಯಿಲನ್ನು ಮೇಲೆತ್ತುವ ಕಡೆ ಇರುವ ಜಾಲರಿಗೆ ಮೆತ್ತಿಕೊಂಡಿತ್ತು. ತಳದಲ್ಲಿ ಆಯಿಲ್ ತುಂಬಿದ್ದರೂ ಮೇಲಕ್ಕೆ ಒಂದು ಹನಿ ಏರಲಿಲ್ಲ. ಎಂಜಿನ್ ಬಿಚ್ಚಿದ ಗ್ಯಾರೇಜಿನವನು ಆ ಜಾಲರಿಯನ್ನು ಕಣ್ಣಾರೆ ನೋಡಿದ. ಆದರೆ ಇವನು ತೂತು ಹಾಕಿದ ಪ್ರತಿ ಡಬ್ಬವೂ ಅವನ ಹಗೆಯ ಲೆಕ್ಕದಲ್ಲಿತ್ತು. “ಆಯಿಲ್ ನಕಲಿ” ಎಂದುಬಿಟ್ಟ.

ಅವರೆಲ್ಲ ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ತಂಗಿಯ ಗಂಡ, ಗ್ಯಾರೇಜಿನವನು, ನಿಲ್ದಾಣದ ನಾಲ್ಕೈದು ಡ್ರೈವರುಗಳು. ತಂಗಿ ಬಂದಿರಲಿಲ್ಲ.

“ಭಾವ, ಒಂದೇ ಮಾತು ಕೇಳ್ತೀನಿ. ದಾರೀಲಿ ಹೋಗೋರ ಡಬ್ಬಕ್ಕೆಲ್ಲ ತೂತು ಹಾಕ್ತೀಯ. ನಮ್ಮದಕ್ಕೆ ಯಾಕೆ ಹಾಕ್ಲಿಲ್ಲ?”

“ನಿನ್ನ ಹೆಂಡ್ತಿ ಕೇಳಿದ್ಲು, ಕೊಟ್ಟೆ.”

“ಪುಕ್ಕಟೆ ಕೊಟ್ಟಾಗಲೇ ನಂಗೆ ಗೊತ್ತಾಗಬೇಕಿತ್ತು. ಅಷ್ಟು ಬೆಲೆ ಮಾಲನ್ನ ಯಾರು ಪುಕ್ಕಟೆ ಕೊಡ್ತಾರೆ?”

“ಅವಳಿಗಲ್ಲದೆ ಇನ್ಯಾರಿಗೆ ಕೊಡ್ಲಿ?”

ಹಿಂದಿನಿಂದ ಒಬ್ಬ ಡ್ರೈವರ್ ಬಾಯಿ ಹಾಕಿದ. “ತೂತು ಹಾಕೋದೆಲ್ಲ ನಾಟಕ ಕಣಯ್ಯ. ಕಣ್ಣೆದುರಿಗೆ ಹತ್ತು ಚುಚ್ಚೋದು, ಹಿಂದಿನ ಕೋಣೇಲಿ ಇಪ್ಪತ್ತು ತುಂಬೋದು.”

ನನ್ನ ಗೆಳೆಯ ಆಗ ಒಂದು ಮಾತು ಹೇಳಿದ. ಅದು ಸತ್ಯವಾಗಿತ್ತು, ಅದೇ ಅವನನ್ನು ಮುಗಿಸಿತು. “ಆಯಿಲ್ ಕೆಟ್ಟದ್ದಾಗಿ ಎಂಜಿನ್ ಹೋಗಿಲ್ಲ. ಒಳ್ಳೇದಾಗಿ ಹೋಗಿದೆ.”

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಗು. ಗ್ಯಾರೇಜಿನವನು ತೊಡೆ ತಟ್ಟಿ ನಕ್ಕ. “ಒಳ್ಳೇ ಆಯಿಲ್ ಹಾಕಿ ಎಂಜಿನ್ ಹೋಯ್ತಂತಪ್ಪೋ! ಹಂಗಾದ್ರೆ ನಾಳೆಯಿಂದ ಕೊಚ್ಚೆ ನೀರು ಹಾಕೋಣ!” ಆ ಮಾತು ನಿಲ್ದಾಣದಲ್ಲಿ ಇವತ್ತಿಗೂ ಓಡಾಡುತ್ತಿದೆ. ಯಾರಾದರೂ ಸುಳ್ಳು ನೆಪ ಹೇಳಿದರೆ, “ದಬ್ಬಳನ ಆಯಿಲ್ ಒಳ್ಳೇದಿತ್ತಂತೆ” ಎನ್ನುತ್ತಾರೆ.

ನಗು ಮುಗಿದ ಮೇಲೆ ನಾನು ಕೇಳಿದೆ, “ಸೀಲು ಯಾರು ಕಿತ್ತದ್ದು?”

“ನಾನಂತೂ ಅಲ್ಲ. ನಾನು ಮೂಲೆ ಅಂಗಡೀಲಿ ಟೀ ಕುಡೀತಿದ್ದೆ” ಎಂದ ತಂಗಿಯ ಗಂಡ.

ಎಲ್ಲರೂ ಗೆಳೆಯನ ಕಡೆ ನೋಡಿದರು. ಅವನು ನೆಲ ನೋಡಿದ. “ನೆನಪಿಲ್ಲ” ಎಂದ.

ಯಾವ ಗಾಡಿಗೆ ಯಾವಾಗ ಏನು ಸುರಿದೆ ಎಂಬುದನ್ನು ಬಾಯಲ್ಲೇ ಹೇಳುತ್ತಿದ್ದವನು ಅವನು. ಅವರು ಹೋದ ಮೇಲೆ ಮತ್ತೆ ಕೇಳಿದೆ. “ಬಿಡೋ, ಯಾರೋ ಕಿತ್ತರು” ಎಂದ. ಎಂಜಿನ್ ನನ್ನ ಖರ್ಚಿನಲ್ಲೇ ಮತ್ತೆ ಕಟ್ಟಿಸಿಕೊಡುತ್ತೇನೆ ಎಂದು ತಂಗಿಯ ಮನೆಗೆ ಹೋದ. ತಪ್ಪು ಮಾಡದವನು ಯಾಕೆ ಕಟ್ಟಿಸಿಕೊಡುತ್ತಾನೆ ಎಂದರು. ಆದರೂ ಕಟ್ಟಿಸಿಕೊಂಡರು. ಬಾಗಿಲವರೆಗೆ ಬಂದದ್ದು ಗಂಡ ಮಾತ್ರ. ಒಳಗಿನಿಂದ ಪಾತ್ರೆಯ ಸದ್ದು ಕೇಳಿಸುತ್ತಿತ್ತು, ಅವಳು ಹೊರಗೆ ಬರಲಿಲ್ಲ.

ಹೀಗೆ ಭಾನುವಾರದ ಊಟ ನಿಂತಿತು.

ನಿಂತಿತು ಎಂದು ನಾನು ಬರೆಯಬಹುದು. ಅವನು ಮಾತ್ರ ಭಾನುವಾರ ಬೆಳಗ್ಗೆ ಕೈಯ ಜಿಡ್ಡು ಉಜ್ಜಿ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು, ಅರ್ಧ ಎಳೆದ ಶಟರಿನ ಹಿಂದೆ ಕೂತಿರುತ್ತಿದ್ದ. ಒಂದು ಸಲ ನಾನು ಬಾಗಿ ಒಳಗೆ ಹೋದೆ. ಹಣ್ಣಿನ ಚೀಲ ಮೇಜಿನ ಮೇಲಿತ್ತು. “ಯಾರಾದ್ರೂ ಬರ್ತಾರಾ?” ಎಂದೆ. “ಬಂದ್ರೆ ರೆಡಿ ಇರ್ಬೇಕಲ್ಲ” ಎಂದ. ಸಂಜೆಗೆ ಆ ಹಣ್ಣನ್ನು ನಾವಿಬ್ಬರೂ ತಿಂದೆವು. ಒಂದರ ಸಿಪ್ಪೆ ಸುಲಿಯುತ್ತ, “ಇದು ಪುಟ್ಟಿಗೆ ಇಷ್ಟ” ಎಂದ. ಅಷ್ಟೇ.

ಅಂಗಡಿಯೂ ಕರಗುತ್ತ ಬಂತು. ಟ್ಯಾಕ್ಸಿಗಳು ಮೊದಲು ಹೋದವು, ಆಮೇಲೆ ಲಾರಿಗಳು. ವಿಚಿತ್ರವೆಂದರೆ ಕಪ್ಪು ಡಬ್ಬದ ಗಿರಾಕಿಗಳು ಹೋದರು, ಬಂಗಾರದ ಡಬ್ಬಕ್ಕೆ ಹೊರಗಿನ ಊರಿನವರು ಆಗಾಗ ಬರುತ್ತಿದ್ದರು. ಅವರಲ್ಲೂ ಅರ್ಧ ಜನರನ್ನು ಇವನು ಎಡಗಡೆಗೆ ತಿರುಗಿಸುತ್ತಿದ್ದ. “ಕೊಟ್ಟುಬಿಡೋ ಮಾರಾಯ, ಕೇಳಿದ್ದನ್ನ ಕೊಡು” ಎಂದು ನಾನು ಗದರಿದರೆ, “ಒಂದು ಸಲ ಕೇಳಿದ್ದನ್ನ ಕೊಟ್ಟು ನೋಡಿದೀನಲ್ಲ” ಎನ್ನುತ್ತಿದ್ದ. ದಬ್ಬಳದ ಸದ್ದು ವಿರಳವಾಯಿತು. ಕರಡಿನ ಮೇಲಿಂದ ತಲೆಯೆತ್ತಿ ಅದಕ್ಕಾಗಿ ಕಾಯುವುದು ನನಗೆ ಅಭ್ಯಾಸವಾಯಿತು.

ಆಮೇಲೆ ಅವನ ಎದೆ ಸೋಲತೊಡಗಿತು. ಕಾಲು ಊದಿಕೊಂಡಿತು, ಮಂಚದ ಮೇಲೆ ಅಂಗಾತ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆ. ವಾರ್ಡಿನ ಕೊನೆಯ ಹಾಸಿಗೆ, ಪಕ್ಕದಲ್ಲಿ ಬಣ್ಣ ಉದುರಿದ ಕಬ್ಬಿಣದ ಪೆಟ್ಟಿಗೆ. ವೈದ್ಯರು ಹೊಸದೊಂದು ಚುಚ್ಚುಮದ್ದಿನ ಮಾತಾಡಿದರು, ಬೆಲೆ ಜಾಸ್ತಿ ಎಂದರು. ಅವರು ಆಚೆ ಹೋದ ಮೇಲೆ ಗೆಳೆಯ ನನ್ನ ತೋಳು ಎಳೆದ.

“ಎಂಜಿನ್ ಹಳೇದು, ದುಬಾರಿದು ಹಾಕ್ಬೇಡಿ ಅನ್ನು. ಒಳಗಿರೋ ಕೊಳೆಯೆಲ್ಲ ಎದ್ದುಬಿಡುತ್ತೆ.”

ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವನಿಗೆ ಕೆಮ್ಮು ಬಂತು. ಭೇಟಿಯ ಹೊತ್ತು ಬಂದಾಗಲೆಲ್ಲ ಅವನು ತಲೆದಿಂಬನ್ನು ಎತ್ತರ ಮಾಡಿಸಿಕೊಂಡು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದ. ನಾನು ಅವಳಿಗೆ ಫೋನು ಮಾಡಿದೆ. “ಅವರು ಬಾಡಿಗೆಗೆ ಹೋಗಿದಾರೆ ಕರಡಿಯಣ್ಣ. ಬಂದ ಮೇಲೆ ಕೇಳ್ಕೊಂಡು ಬರ್ತೀನಿ” ಎಂದಳು. ಅವನಿಗೆ ಈ ಮಾತು ಹೇಳಿದೆ. “ಹೂಂ, ಕೇಳ್ದೆ ಹೇಗೆ ಬರ್ತಾಳೆ” ಎಂದು ಅವಳ ಪರವಾಗಿಯೇ ಮಾತಾಡಿದ. ಅವಳು ಬರಲಿಲ್ಲ. ಒಂದು ಮಧ್ಯಾಹ್ನ, ಅದೇ ಭೇಟಿಯ ಹೊತ್ತಿನಲ್ಲಿ, ಬಾಗಿಲ ಕಡೆ ಮುಖ ಮಾಡಿಯೇ ಹೋದ. ಅವನ ಕಣ್ಣು ಮುಚ್ಚಿಸಿದವನು ನಾನು.

ಅಂತ್ಯಕ್ರಿಯೆಗೆ ಇಬ್ಬರೂ ಬಂದರು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಗಂಡ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದ, “ಹೋದವರ ಮೇಲೆ ಎಂಥ ಸಿಟ್ಟು. ನಕಲಿ ಮಾಲು ಕೊಟ್ಟಿದ್ದೇನೋ ಹೌದು. ನಾನು ಕ್ಷಮಿಸಿದೀನಿ.” ಜನ ತಲೆದೂಗಿದರು. ದೊಡ್ಡ ಮನಸ್ಸು ಎಂದರು. ನಾನು ಅವಳ ಮುಖ ನೋಡಿದೆ. ಅವಳು ಸೆರಗನ್ನು ಇನ್ನೂ ಮೇಲಕ್ಕೆ ಎಳೆದುಕೊಂಡಳು.

ಕೋಣೆ ಖಾಲಿ ಮಾಡುವ ಕೆಲಸ ನನ್ನದಾಯಿತು. ಹಿಂದಿನ ಕೋಣೆಯಲ್ಲಿ ಇಪ್ಪತ್ತು ಡಬ್ಬ ತುಂಬುತ್ತಾನೆ ಎಂದಿದ್ದರಲ್ಲ, ಅಲ್ಲಿ ಇದ್ದದ್ದು ಮಂಚ, ಸ್ಟವ್ವು, ಇಸ್ತ್ರಿ ಮಾಡಿದ ಎರಡು ಅಂಗಿ. ಅವನ್ನೂ ದಬ್ಬಳವನ್ನೂ ಚೀಲಕ್ಕೆ ಹಾಕಿಕೊಂಡು ತಂಗಿಯ ಮನೆಗೆ ಹೋದೆ. ಅವಳು ಹಿತ್ತಲಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಗಂಡ ಮನೆಯಲ್ಲಿರಲಿಲ್ಲ. ಒಗೆಯುವ ಕಲ್ಲಿನ ಪಕ್ಕದಲ್ಲಿ ಬಂಗಾರದ ಬಣ್ಣದ ಡಬ್ಬ. ಬಣ್ಣ ಅರ್ಧ ಹೋಗಿತ್ತು, ಕತ್ತಿನ ಸುತ್ತ ಸೋಪಿನ ಪುಡಿ ಗಟ್ಟಿಯಾಗಿ ಹಿಡಿದಿತ್ತು.

ಅಂಗಿಗಳನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ದಬ್ಬಳವನ್ನು ನೋಡಿದಾಗ ಅವಳ ಕೈ ಹಿಂದಕ್ಕೆ ಹೋಯಿತು. ಆಮೇಲೆ ತೆಗೆದುಕೊಂಡಳು.

“ಸೀಲು ಕಿತ್ತದ್ದು ನಾನೇ ಕರಡಿಯಣ್ಣ.”

ನಾನು ಏನನ್ನೂ ಕೇಳಿರಲಿಲ್ಲ.

“ನೀನೇ ಕೀಳು ಪುಟ್ಟಿ ಅಂದ, ಎಲ್ರಿಗೂ ಹೇಳೋ ಹಾಗೇನೇ. ಗಟ್ಟಿಯಾಗಿ ಅಂಟಿತ್ತು. ಉಗುರಿನ ಸಂದಿಗೆ ಚುಚ್ಚಿ ರಕ್ತ ಬಂತು. ಬಾಯಲ್ಲಿಟ್ಕೊಂಡು ಚೀಪು ಅಂದ, ಚಿಕ್ಕೋಳಿದ್ದಾಗ ಹೇಳೋ ಹಾಗೆ.” ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. “ಒಂಚೂರೂ ಅಲ್ಲಾಡಿರಲಿಲ್ಲ ಆ ಸೀಲು. ಹೊಸಾ ಡಬ್ಬ.”

“ಇದನ್ನ ಅವತ್ತೇ ಹೇಳಬಹುದಿತ್ತಲ್ಲಮ್ಮ.”

“ಹೇಳಿದ್ರೆ? ನಕಲಿ ಅಲ್ಲ ಅಂದ್ಮೇಲೆ ಮತ್ತೆ ಯಾಕೆ ಹೋಯ್ತು ಅಂತ ಕೇಳ್ತಿರಲಿಲ್ವಾ? ಹಠ ಮಾಡಿ ಹಾಕಿಸಿದ್ದು ಯಾರು ಅಂತ ಬರ್ತಿರಲಿಲ್ವಾ? ಗಾಡಿ ನಿಂತು ಮನೇಲಿ ಒಲೆ ಹಚ್ಚೋಕೆ ಕಷ್ಟ ಆಗಿತ್ತು. ಆ ಸಿಟ್ಟೆಲ್ಲ ನನ್ನ ಮೇಲೆ ಬೀಳ್ತಿತ್ತು.” ನಲ್ಲಿಯ ನೀರು ಹರಿದುಹೋಗುತ್ತಿತ್ತು, ಅವಳು ನಿಲ್ಲಿಸಲಿಲ್ಲ. “ಅಣ್ಣ ಹೇಳ್ತಾನೆ ಅಂತ ದಿನಾ ಹೆದರ್ಕೊಂಡಿದ್ದೆ. ಅವನು ಹೇಳಲೇ ಇಲ್ಲ. ಅವನು ಹೇಳ್ಲಿಲ್ಲ ಅಂದ್ಮೇಲೆ ಅವನ ಮುಖ ಹೇಗೆ ನೋಡ್ಲಿ? ಆಸ್ಪತ್ರೆ ಗೇಟಿನ ತನಕ ಬಂದಿದ್ದೆ ಒಂದ್ಸಲ. ವಾಪಸ್ ಬಂದೆ.”

ಹೊರಗೆ ಟ್ಯಾಕ್ಸಿ ನಿಂತ ಸದ್ದಾಯಿತು. ಅವಳ ಗಂಡ ಹಿತ್ತಲಿಗೆ ಬಂದು ನನ್ನನ್ನು ನೋಡಿ, “ಏನು ವಿಷಯ?” ಎಂದ. ನಾನು ಅವಳ ಕಡೆ ತಿರುಗಿ ಕಾದೆ. ಈಗಲಾದರೂ ಎಂದು ಕಾದೆ. ಸತ್ತವನಿಗೆ ಇನ್ನು ಬೇಕಾಗಿದ್ದದ್ದು ಆ ಒಂದು ಮಾತು, ಅದನ್ನು ಹೇಳಬಲ್ಲವಳು ಅವಳೊಬ್ಬಳೇ.

“ಅಣ್ಣನ ಅಂಗಿ ತಂದ್ಕೊಟ್ರು” ಎಂದಳು.

“ಅಷ್ಟಾದ್ರೂ ಬಿಟ್ಟು ಹೋದ್ನಲ್ಲ” ಎಂದು ಅವನು ಕೈಕಾಲು ತೊಳೆಯಲು ಬಗ್ಗಿದ. ನಾನು ಬಾಯಿ ತೆರೆದೆ. ಅವಳು ಗಂಡನ ಬೆನ್ನ ಹಿಂದಿನಿಂದ ನನ್ನನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದಳು. ಆ ಕಣ್ಣು ಥೇಟ್ ಗೆಳೆಯನದೇ. ನಾನು ಖಾಲಿ ಚೀಲ ಮಡಚಿಕೊಂಡು ಹೊರಟೆ.

ಬೀದಿಗೆ ಬಂದು ಸ್ವಲ್ಪ ದೂರ ನಡೆದಿದ್ದೆ. ಅವಳು ಹಿಂದಿನಿಂದ ಓಡಿ ಬಂದಳು. ಕೈಯಲ್ಲಿ ಡಬ್ಬ. ಸೋಪಿನ ಪುಡಿ ಸುರಿದು, ತೊಳೆದು ತಂದಿದ್ದಳು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. “ಇದು ನಮ್ಮನೇಲಿ ಬೇಡ, ನೀವೇ ಇಟ್ಕೊಳ್ಳಿ. ಅವರಿಗೆ ಹೇಳ್ಬೇಡಿ ಕರಡಿಯಣ್ಣ. ಅಣ್ಣನೇ ಹೇಳಲಿಲ್ಲ.” ನಾನು ಡಬ್ಬ ತೆಗೆದುಕೊಂಡೆ. ಹೂಂ ಎನ್ನಲಿಲ್ಲ.

ಹೇಳದೆ ಇದ್ದದ್ದು ಅವನ ಇಷ್ಟ. ಪಾಪ ಎಂದುಕೊಂಡು ನಾನೂ ಸುಮ್ಮನಿದ್ದರೆ ನಿಲ್ದಾಣದಲ್ಲಿ ಆ ನಗು ಹಾಗೇ ಮುಂದುವರಿಯುತ್ತದೆ, ಅವನನ್ನು ಕ್ಷಮಿಸಿದ ದೊಡ್ಡ ಮನುಷ್ಯ ಎದೆಯುಬ್ಬಿಸಿ ಓಡಾಡುತ್ತಾನೆ. ಅದಕ್ಕೇ ಬರೆದೆ. ಈ ಬರಹ ಅವರ ಮನೆ ತಲುಪಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಗೆಳೆಯ ಬದುಕಿದ್ದರೆ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು, ಪುಟ್ಟಿಯ ಗೊಡವೆಗೆ ಹೋಗಬೇಡ ಎಂದು ಮೂರು ದಿನ ಮಾತು ಬಿಡುತ್ತಿದ್ದ.

ಡಬ್ಬ ನನ್ನ ಮೇಜಿನ ಕೆಳಗಿದೆ. ತಳಕ್ಕೆ ಚುಚ್ಚಬೇಕೆಂದು ಎರಡು ಸಲ ತಿರುಗಿಸಿ ಹಿಡಿದೆ. ದಬ್ಬಳ ಅವಳ ಹತ್ತಿರವೇ ಉಳಿದಿದೆ.